ಬೀಗ ಬೀಳಬೇಕಾದ್ದು ಬೀರುವಿಗೆ

2021ರ ನವೆಂಬರ್ ಕೊನೆಯ ಶುಕ್ರವಾರ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಒಬ್ಬ ಅಪ್ಪ ಹದಿನೈದು ವರ್ಷದ ಮಗನನ್ನು ಜೊತೆಗೆ ಕರೆದುಕೊಂಡು ಹೋಗಿ ಪಿಸ್ತೂಲು ಕೊಂಡ. ಕ್ರಿಸ್‌ಮಸ್ ಉಡುಗೊರೆ, ಒಂದು ತಿಂಗಳು ಮೊದಲೇ. ಶನಿವಾರ ಅಮ್ಮ ಅವನನ್ನು ಗುರಿ ಹೊಡೆಯುವ ಅಭ್ಯಾಸಕ್ಕೆ ಕರೆದೊಯ್ದಳು. ಸೋಮವಾರ ಅವನು ತರಗತಿಯಲ್ಲಿ ಕೂತು ಫೋನಿನಲ್ಲಿ ಗುಂಡುಗಳನ್ನು ಹುಡುಕುತ್ತಿದ್ದುದು ಶಿಕ್ಷಕರ ಕಣ್ಣಿಗೆ ಬಿತ್ತು. ಮಂಗಳವಾರ ಬೆಳಿಗ್ಗೆ ಗಣಿತದ ಹಾಳೆಯ ಮೇಲೆ ಪಿಸ್ತೂಲಿನ ಚಿತ್ರ, ಪಕ್ಕದಲ್ಲಿ ಸಹಾಯ ಮಾಡಿ ಎಂಬ ಮೊರೆ. ಶಾಲೆಯವರು ಹೆತ್ತವರನ್ನು ಕರೆಸಿದರು. ಅವರು ಬಂದರು, ನೋಡಿದರು, ಮಗನನ್ನು ಅಲ್ಲೇ ಬಿಟ್ಟು ಹೊರಟರು. ಮನೆಯಲ್ಲಿ ಪಿಸ್ತೂಲಿದೆ ಎಂದು ಬಾಯಿ ಬಿಡಲಿಲ್ಲ. ಹುಡುಗನ ಬ್ಯಾಗನ್ನು ಯಾರೂ ತೆರೆದು ನೋಡಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಗುಂಡು ಹಾರಿತು. ನಾಲ್ವರು ವಿದ್ಯಾರ್ಥಿಗಳು ಸತ್ತರು.

2024ರಲ್ಲಿ ನ್ಯಾಯಾಲಯ ಆ ಅಪ್ಪ-ಅಮ್ಮ ಇಬ್ಬರನ್ನೂ ನರಹತ್ಯೆಯ ಅಪರಾಧಿಗಳೆಂದು ಘೋಷಿಸಿ, ತಲಾ 10ರಿಂದ 15 ವರ್ಷ ಜೈಲು ವಿಧಿಸಿತು. ಮಗ ಶಾಲೆಯಲ್ಲಿ ನಡೆಸಿದ ಸಾಮೂಹಿಕ ಹತ್ಯೆಗೆ ಹೆತ್ತವರಿಗೆ ಇಂಥ ಶಿಕ್ಷೆಯಾದದ್ದು ಅಮೆರಿಕದಲ್ಲಿ ಅದೇ ಮೊದಲು. ತೀರ್ಪು ಸರಿಯಾದದ್ದು. ಆದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರೆ ಸತ್ತ ಮಕ್ಕಳು ಎದ್ದು ಬರುವುದಿಲ್ಲ. ಗುಂಡು ಹಾರಿದ ದಿನ ಮಿಷಿಗನ್‌ನಲ್ಲಿ, ಮಕ್ಕಳಿರುವ ಮನೆಯಲ್ಲಿ ಬಂದೂಕಿಗೆ ಬೀಗ ಹಾಕಿಡಬೇಕು ಎಂಬ ಕಾನೂನೇ ಇರಲಿಲ್ಲ. ಅದು ಜಾರಿಗೆ ಬಂದದ್ದು 2024ರ ಫೆಬ್ರುವರಿಯಲ್ಲಿ. ಇಂದಿಗೂ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅಂಥ ಕಾನೂನಿಲ್ಲ. ನನ್ನ ತಕರಾರು ಇರುವುದು ಇಲ್ಲಿ: ಶಾಲೆಗೆ ಹೋಗುವ ಬಂದೂಕು ಹೊರಡುವುದು ಮನೆಯಿಂದ. ಅಮೆರಿಕ ಮಾತ್ರ ಶಾಲೆಯ ಗೇಟಿಗೆ ಬೀಗದ ಮೇಲೆ ಬೀಗ ಜಡಿಯುತ್ತ, ಮನೆಯ ಬೀರುವನ್ನು ತೆರೆದೇ ಇಟ್ಟಿದೆ.

ಇದು ಊಹೆಯ ಮಾತಲ್ಲ. ಅಮೆರಿಕದ ಅಧ್ಯಕ್ಷರನ್ನು ಕಾಯುವ ಸೀಕ್ರೆಟ್ ಸರ್ವಿಸ್, ಶಾಲಾ ದಾಳಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಬಂದೂಕು ಬಳಸಿದ ದಾಳಿಗಳಲ್ಲಿ ನಾಲ್ಕರಲ್ಲಿ ಮೂರಕ್ಕೆ ಆಯುಧ ಸಿಕ್ಕಿದ್ದು ಹೆತ್ತವರ ಅಥವಾ ಹತ್ತಿರದ ಬಂಧುಗಳ ಮನೆಯಲ್ಲಿ ಎಂದು ಅದರ 2019ರ ವರದಿ ಹೇಳುತ್ತದೆ. 2012ರಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಆರೇಳು ವರ್ಷದ 20 ಕಂದಮ್ಮಗಳನ್ನು, ಆರು ಮಂದಿ ಸಿಬ್ಬಂದಿಯನ್ನು ಕೊಂದ ಬಂದೂಕು ಹಂತಕನ ತಾಯಿಯದು. ಅವನು ಮೊದಲು ಕೊಂದದ್ದೂ ಆ ತಾಯಿಯನ್ನೇ. 2024ರ ಸೆಪ್ಟೆಂಬರಿನಲ್ಲಿ ಜಾರ್ಜಿಯಾದ ಅಪಲಾಚಿ ಹೈಸ್ಕೂಲಿನಲ್ಲಿ ನಾಲ್ವರ ಹತ್ಯೆಯಾದಾಗಲೂ, ಹದಿನಾಲ್ಕರ ಹುಡುಗನಿಗೆ ರೈಫಲ್ ಕೊಟ್ಟದ್ದು ಅಪ್ಪ ಎಂಬುದೇ ಪ್ರಕರಣದ ತಿರುಳಾಯಿತು.

ಹಾಗಿದ್ದೂ ಪ್ರತಿ ಹತ್ಯೆಯ ಮರುದಿನ ಅದೇ ಉತ್ತರ: ಶಾಲೆಗೆ ಇನ್ನಷ್ಟು ಕಾವಲು ಹಾಕಿ, ಶಿಕ್ಷಕರ ಕೈಗೂ ಬಂದೂಕು ಕೊಡಿ. 2018ರಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್‌ನ ಶಾಲೆಯಲ್ಲಿ ಸಶಸ್ತ್ರ ಪೊಲೀಸ್ ಅಧಿಕಾರಿ ಇದ್ದ. ಒಳಗೆ 17 ಮಂದಿ ಸಾಯುತ್ತಿರುವಾಗ ಆತ ಕಟ್ಟಡದ ಹೊರಗೇ ಉಳಿದ. 2022ರಲ್ಲಿ ಟೆಕ್ಸಾಸ್‌ನ ಯುವಾಲ್ಡಿಯ ಶಾಲೆಯ ಮೇಲೆ ದಾಳಿಯಾದಾಗ ಸುಮಾರು 400 ಪೊಲೀಸರು ಬಂದು ಸೇರಿದರು. ತರಗತಿಯೊಳಗಿನಿಂದ ಮಕ್ಕಳು ಫೋನ್ ಮಾಡಿ ಅಂಗಲಾಚುತ್ತಿದ್ದರೂ ಬಾಗಿಲು ನೂಕಿ ಒಳನುಗ್ಗಲು ಅವರು ತೆಗೆದುಕೊಂಡದ್ದು 77 ನಿಮಿಷ. 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. ತರಬೇತಾದ ಪೊಲೀಸರ ಕೈಕಾಲೇ ಕಟ್ಟಿಹೋದ ಕಡೆ, ಮಗ್ಗಿ ಹೇಳಿಕೊಡುವ ಟೀಚರ್ ಮೇಜಿನ ಖಾನೆಯಿಂದ ಪಿಸ್ತೂಲು ತೆಗೆದು ಮಕ್ಕಳನ್ನು ಉಳಿಸಬೇಕು ಎನ್ನುವುದು ಕ್ರೂರ ಬೇಡಿಕೆ. ತರಗತಿಯಲ್ಲಿ ಮತ್ತೊಂದು ಬಂದೂಕು ಇಟ್ಟರೆ, ಹುಡುಗರ ಕೈಗೆ ಸಿಗಬಹುದಾದ ಬಂದೂಕುಗಳ ಲೆಕ್ಕಕ್ಕೆ ಮತ್ತೊಂದು ಸೇರುತ್ತದೆ, ಅಷ್ಟೆ.

ಎರಡನೆಯ ಉತ್ತರ, ಇದು ಮನೋರೋಗ, ಬಂದೂಕಿನ ತಪ್ಪಲ್ಲ ಎಂಬುದು. ನೊಂದ, ಸಿಟ್ಟಿಗೆದ್ದ, ಒಂಟಿಯಾದ ಹುಡುಗರು ಯಾವ ದೇಶದಲ್ಲಿಲ್ಲ? ನಮ್ಮ ಊರಲ್ಲೂ ಇದ್ದಾರೆ. ಅಮೆರಿಕದಲ್ಲಿ ಮಾತ್ರ ಜನಸಂಖ್ಯೆಗಿಂತ ಹೆಚ್ಚು ಬಂದೂಕುಗಳು ಜನರ ಕೈಯಲ್ಲಿವೆ: ನೂರು ಜನಕ್ಕೆ ಸುಮಾರು 120. ಹದಿಹರೆಯದ ಸಿಟ್ಟು ಬರುತ್ತದೆ, ಹೋಗುತ್ತದೆ. ಅದು ಬಂದ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಸಾವು-ಬದುಕು ನಿಂತಿದೆ. 2020ರಿಂದ ಅಲ್ಲಿ 1ರಿಂದ 19 ವರ್ಷದವರ ಸಾವಿಗೆ ಮೊದಲ ಕಾರಣ ಬಂದೂಕು. ರಸ್ತೆ ಅಪಘಾತವನ್ನೂ ಕ್ಯಾನ್ಸರನ್ನೂ ಅದು ಹಿಂದೆ ಹಾಕಿದೆ. ಆ ಸಾವುಗಳಲ್ಲಿ ಶಾಲಾ ಹತ್ಯೆಗಳ ಪಾಲು ಸಣ್ಣದು. ಮನೆಯ ಪಿಸ್ತೂಲಿನಿಂದಲೇ ಪ್ರಾಣ ಕಳೆದುಕೊಂಡ ಮಕ್ಕಳ ಸಂಖ್ಯೆ ದೊಡ್ಡದು. ಬೀರುವಿನ ಬೀಗ ಅವರನ್ನೂ ಉಳಿಸುತ್ತಿತ್ತು.

ಇದನ್ನು ನೇರವಾಗಿ ಹೇಳಿದವರಲ್ಲಿ ನಮ್ಮ ಮಣ್ಣಿನ ನಂಟಿರುವ ಒಬ್ಬರಿದ್ದಾರೆ. ಮಂಡ್ಯ ಜಿಲ್ಲೆಯ ಹಲ್ಲೇಗೆರೆ ಮೂಲದ ಡಾ. ವಿವೇಕ್ ಮೂರ್ತಿ, 2012ರಲ್ಲಿ ಬಂದೂಕು ಆರೋಗ್ಯದ ಪ್ರಶ್ನೆ ಎಂದು ಟ್ವೀಟ್ ಮಾಡಿದ್ದರು. ಆ ಮಾತಿಗಾಗಿ ಬಂದೂಕು ಹಕ್ಕಿನ ಪರ ಹೋರಾಡುವ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅವರ ವಿರುದ್ಧ ನಿಂತಿತು. ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಅಮೆರಿಕ ಸರ್ಕಾರದ ದನಿಯಾದ ಸರ್ಜನ್ ಜನರಲ್ ಹುದ್ದೆಗೆ ಅವರಿಗೆ ಸೆನೆಟ್ ಒಪ್ಪಿಗೆ ಸಿಗಲು ವರ್ಷಕ್ಕೂ ಹೆಚ್ಚು ಹಿಡಿಯಿತು. 2024ರ ಜೂನ್‌ನಲ್ಲಿ, ಅದೇ ಹುದ್ದೆಯ ಎರಡನೆಯ ಅವಧಿಯಲ್ಲಿ, ಅವರು ಬಂದೂಕು ಹಿಂಸೆಯನ್ನು ಸಾರ್ವಜನಿಕ ಆರೋಗ್ಯದ ಬಿಕ್ಕಟ್ಟು ಎಂದು ಸಾರಿದರು. ಮರುವರ್ಷ ಹೊಸ ಸರ್ಕಾರ ಆ ಪ್ರಕಟಣೆಯನ್ನು ಇಲಾಖೆಯ ಜಾಲತಾಣದಿಂದ ತೆಗೆದುಹಾಕಿತು. ರೋಗದ ಹೆಸರು ಅಳಿಸಿದರೆ ರೋಗ ವಾಸಿಯಾಗುವುದಿಲ್ಲ.

ಬಂದೂಕು ಹೊಂದುವ ಹಕ್ಕು ಕೊಡುವ ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ ಅಡ್ಡ ಬರುತ್ತದೆ ಎನ್ನುವವರ ಮಾತಿಗೆ ಕಿವಿಗೊಡಲೇಬೇಕು. 2008ರ ಹೆಲರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮನೆಯ ಬಂದೂಕು ಸದಾ ಬೀಗದಲ್ಲೇ ಅಥವಾ ಬಿಡಿಭಾಗಗಳಾಗಿಯೇ ಇರಬೇಕೆಂಬ ವಾಷಿಂಗ್ಟನ್ ನಗರದ ನಿಯಮವನ್ನು ರದ್ದು ಮಾಡಿತು. ಆತ್ಮರಕ್ಷಣೆಗೆ ಅದು ಅವಕಾಶವನ್ನೇ ಕೊಡುವುದಿಲ್ಲ ಎಂಬುದು ಕಾರಣ. ಅದೇ ತೀರ್ಪು, ಈ ಹಕ್ಕಿಗೂ ಮಿತಿಯಿದೆ ಎಂದು ಸ್ಪಷ್ಟವಾಗಿ ಬರೆಯಿತು. ಮನೆಯಲ್ಲಿ ಮಕ್ಕಳಿದ್ದು, ಬಂದೂಕು ಯಜಮಾನನ ಕೈಯಲ್ಲಿಲ್ಲದಾಗ ಬೀಗದಲ್ಲಿರಲಿ ಎನ್ನುವುದು ಬೇರೆ ಮಾತು. ಬೆರಳಚ್ಚಿಗೆ ಕ್ಷಣದಲ್ಲಿ ತೆರೆಯುವ ಪೆಟ್ಟಿಗೆಗಳಿರುವ ಕಾಲದಲ್ಲಿ ಅದರಿಂದ ಯಾರ ಆತ್ಮರಕ್ಷಣೆಯೂ ಕೆಡುವುದಿಲ್ಲ.

ಬೀಗವೊಂದೇ ಸಾಲದು ಎಂಬುದನ್ನೂ ಒಪ್ಪುತ್ತೇನೆ. ಯುವಾಲ್ಡಿಯ ಹಂತಕ ಹದಿನೆಂಟು ತುಂಬಿದ ಕೆಲವೇ ದಿನಗಳಲ್ಲಿ ಅಂಗಡಿಯಿಂದ ಕಾನೂನುಬದ್ಧವಾಗಿ ರೈಫಲ್ ಕೊಂಡಿದ್ದ. ಅದಕ್ಕೂ ಮದ್ದಿದೆ. ಪಾರ್ಕ್‌ಲ್ಯಾಂಡ್ ಹತ್ಯೆಯಾದ ಒಂದೇ ತಿಂಗಳಲ್ಲಿ, ರಿಪಬ್ಲಿಕನ್ ಹಿಡಿತದ ಫ್ಲಾರಿಡಾ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿತು. ಅಪಾಯಕಾರಿ ಲಕ್ಷಣ ತೋರಿದವರಿಂದ ನ್ಯಾಯಾಲಯದ ಆದೇಶದ ಮೇಲೆ ಆಯುಧವನ್ನು ತಾತ್ಕಾಲಿಕವಾಗಿ ಹಿಂಪಡೆಯುವ ಅಧಿಕಾರವನ್ನೂ ಪೊಲೀಸರಿಗೆ ಕೊಟ್ಟಿತು. ಫ್ಲಾರಿಡಾಕ್ಕೆ ಸಾಧ್ಯವಾದದ್ದು ಉಳಿದ ರಾಜ್ಯಗಳಿಗೂ ಸಾಧ್ಯ.

ಬಂದೂಕನ್ನು ಪ್ರೀತಿಸುವ ಸಮಾಜ ನಿಯಮವನ್ನು ದ್ವೇಷಿಸಲೇಬೇಕೆಂದೇನೂ ಇಲ್ಲ. ಕೊಡಗನ್ನು ನೋಡಿ. ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿಯಿದೆ. ಕೇಂದ್ರ ಅದನ್ನು 2029ರವರೆಗೆ ವಿಸ್ತರಿಸಿದೆ, ನಮ್ಮ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಜನ, ಆ ವಿನಾಯಿತಿಗೂ ಸರ್ಕಾರದಿಂದ ಪತ್ರ ಪಡೆದೇ ಇಟ್ಟುಕೊಳ್ಳುತ್ತಾರೆ. ಚುನಾವಣೆ ಬಂದರೆ ಮಲೆನಾಡಿನ ರೈತ ಗೊಣಗುತ್ತಲೇ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡುತ್ತಾನೆ. ಕೋವಿಯ ಮೇಲಿನ ಗೌರವವೂ ಕೋವಿಗೊಂದು ಲೆಕ್ಕ ಕೊಡುವುದೂ ಒಂದೇ ಮನೆಯಲ್ಲಿ ಇರಬಲ್ಲವು.

ಟೆಕ್ಸಾಸ್‌ನಲ್ಲಿ, ಜಾರ್ಜಿಯಾದಲ್ಲಿ, ಮಿಷಿಗನ್‌ನಲ್ಲಿ ಸಾವಿರಾರು ಕನ್ನಡ ಕುಟುಂಬಗಳಿವೆ. ಅವರ ಮಕ್ಕಳು ಲಾಕ್‌ಡೌನ್ ಡ್ರಿಲ್ ಎಂದು ದೀಪ ಆರಿಸಿದ ಕೋಣೆಯ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿಯುತ್ತಿದ್ದಾರೆ. ಇದು ಅವರ ದೇಶದ ಜಗಳ, ನಾವು ಹೊರಗಿನಿಂದ ಬಂದವರು ಎಂದು ಸುಮ್ಮನಿರುವ ಕಾಲ ಮುಗಿದಿದೆ. ಮಗುವನ್ನು ಗೆಳೆಯನ ಹುಟ್ಟುಹಬ್ಬಕ್ಕೆ ಕಳಿಸುವ ಮುಂಚೆ, ಊಟದ ಅಲರ್ಜಿ ಹೇಳುವಷ್ಟೇ ಸಹಜವಾಗಿ ಕೇಳಿ: ನಿಮ್ಮ ಮನೆಯಲ್ಲಿ ಬಂದೂಕಿದೆಯೇ, ಬೀಗದಲ್ಲಿದೆಯೇ? ಓಟಿರುವವರು ಅದೇ ಪ್ರಶ್ನೆಯನ್ನು ರಾಜ್ಯ ಶಾಸನಸಭೆಯ ಅಭ್ಯರ್ಥಿಗೂ ಕೇಳಿ.

ಮಿಷಿಗನ್‌ನ ಆ ಅಪ್ಪನ ವಿಚಾರಣೆಯ ಕೊನೆಯಲ್ಲಿ ಸರ್ಕಾರಿ ವಕೀಲೆ ಜ್ಯೂರಿಯ ಮುಂದೆ ಪಿಸ್ತೂಲನ್ನು ಹಿಡಿದು ಅದಕ್ಕೆ ಕೇಬಲ್ ಬೀಗ ತೊಡಿಸಿ ತೋರಿಸಿದರು. ಕೆಲವೇ ಸೆಕೆಂಡುಗಳ ಕೆಲಸ. ಶುಕ್ರವಾರದಿಂದ ಮಂಗಳವಾರದವರೆಗೆ ಆ ಮನೆಯಲ್ಲಿ ಯಾರಾದರೂ ಅಷ್ಟು ಹೊತ್ತು ಕೊಟ್ಟಿದ್ದರೆ, ನಾಲ್ಕು ಮಕ್ಕಳು ಅಂದು ಸಂಜೆ ಮನೆಗೆ ಬರುತ್ತಿದ್ದರು.