ಬೋರ್ಡಿಗೂ ಒಂದು ಅಳತೆ ಇರಲಿ

ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಫಲಕದ ಮೇಲ್ಭಾಗದಲ್ಲೇ ಇರಬೇಕು ಎಂಬ ತಿದ್ದುಪಡಿಗೆ ವಿಧಾನಮಂಡಲ ಒಪ್ಪಿಗೆ ಕೊಟ್ಟದ್ದು 2024ರ ಫೆಬ್ರವರಿಯಲ್ಲಿ. ಇದೆಲ್ಲ ಆಗಿಹೋಗುವ ಮಾತೇ ಎಂದು ಮೂಗು ಮುರಿದವರು ಆಗ ಕಡಿಮೆ ಇರಲಿಲ್ಲ. ಆದರೂ ನೋಟಿಸು ಹೊರಟಿತು, ಟೇಪು ಹಿಡಿದವರು ಪೇಟೆಗೆ ಬಂದರು, ಹಳೆ ಬೋರ್ಡು ಇಳಿದು ಹೊಸದು ಏರಿತು. ಭಾಷೆಯ ಮಟ್ಟಿಗೆ ಒಳ್ಳೆಯದೇ ಆಯಿತು. ಬೀದಿಯ ಮಟ್ಟಿಗೆ ಮಾತ್ರ ಒಂದು ಅವಕಾಶ ಕೈತಪ್ಪಿತು. ಹೇಗೂ ಬೋರ್ಡು ಬದಲಾಗುತ್ತಿತ್ತು. ಅದು ಎಷ್ಟು ದೊಡ್ಡದಿರಬೇಕು, ಗೋಡೆಯ ಎಲ್ಲಿ ಕೂರಬೇಕು, ಏನನ್ನು ಮುಚ್ಚಬಾರದು ಎಂದು ಯಾರೂ ಕೇಳಲಿಲ್ಲ. ನಾಲ್ಕು ಅಡಿಯ ಬೋರ್ಡು ಇಳಿಸಿದವರು ಎಂಟು ಅಡಿಯದನ್ನು ಏರಿಸಿದರೂ ಕಾನೂನಿಗೆ ಸಂತೋಷವೇ, ಅಕ್ಷರ ಕನ್ನಡದಲ್ಲಿದ್ದರೆ ಆಯಿತು.

ಇದು ಎಲ್ಲ ಊರಿನ ಕತೆ. ಮೂಡುಬಿದಿರೆಗೆ ಬಂದಾಗ ಮಾತ್ರ ಅದರ ತೂಕ ಬೇರೆ. 18 ಬಸದಿಗಳ ಊರು ಇದು. ಸಾವಿರ ಕಂಬದ ಬಸದಿ ಕಟ್ಟಿದ್ದು 1430ರ ಸುಮಾರಿಗೆ, ಅಂದರೆ 2030ಕ್ಕೆ ಅದಕ್ಕೆ ಆರುನೂರು ತುಂಬುತ್ತದೆ. ಧವಲ, ಜಯಧವಲ, ಮಹಾಧವಲ ಗ್ರಂಥಗಳ ಓಲೆಗರಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ಗುರುಬಸದಿ. ಚೌಟರ ಅರಮನೆಯ ಮರದ ಕಂಬದಲ್ಲಿ ಒಂಬತ್ತು ಹೆಂಗಸರು ಸೇರಿ ಆನೆಯಾಗುವ ನವನಾರೀಕುಂಜರ ಇದೆ, ಐವರು ಸೇರಿ ಕುದುರೆಯಾಗುವ ಪಂಚನಾರೀತುರಗ ಇದೆ. ಇಷ್ಟನ್ನು ನೋಡಲು ಬಂದವರು ಇವೆಲ್ಲವನ್ನೂ ಜೋಡಿಸುವ ಬೀದಿಯಲ್ಲಿ ನಡೆದೇ ಬರಬೇಕು. ಆ ಬೀದಿಯಲ್ಲಿ ಕಣ್ಣಿಗೆ ಬೀಳುವುದು ಮೊಬೈಲ್ ಕಂಪನಿಯ ನೀಲಿ, ಚಿನ್ನದಂಗಡಿಯ ಕೆಂಪು, ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈಮುಗಿದ ಮುಖಗಳು.

ಹಳೆ ಪೇಟೆಯ ಒಂದು ಅಂಗಡಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗೆ ಜಗಲಿ, ಒಂದೊಂದಾಗಿ ತೆಗೆದಿಡುವ ಹಲಗೆ ಬಾಗಿಲು, ಮೇಲೆ ಮುಚ್ಚಿಗೆ, ಅದರ ಮೇಲೆ ಪಕ್ಕಾಸು, ರೀಪು, ಹಂಚು. ಮಹಡಿಯ ಗೋಡೆಯಲ್ಲಿ ಮರದ ದಳಿಯ ಸಣ್ಣ ಕಿಟಕಿ. ಹೊಸ ಬೋರ್ಡು ಬರುವ ದಿನ ಮುರಕಲ್ಲಿನ ಗೋಡೆಗೆ ಡ್ರಿಲ್ ಇಳಿಯುತ್ತದೆ. ಬೋಲ್ಟು ಹಾಕಿ, ಕಬ್ಬಿಣದ ಫ್ರೇಮು ವೆಲ್ಡ್ ಮಾಡಿ, ಅದರ ಮೇಲೆ ಎಸಿಪಿ ಶೀಟು ಬಿಗಿಯುತ್ತಾರೆ. ಕಿಟಕಿ ಮುಚ್ಚಿತು, ಮಹಡಿಗೆ ಗಾಳಿ ನಿಂತಿತು. ಮಳೆಗಾಲದಲ್ಲಿ ಶೀಟಿನ ಹಿಂದೆ ಇಳಿದ ನೀರು ಒಣಗುವುದಿಲ್ಲ. ಸುಣ್ಣದ ಗಾರೆ ಉದುರುತ್ತದೆ, ಪಕ್ಕಾಸಿನ ತುದಿ ಕುಂಬಾಗುತ್ತದೆ. ಆಮೇಲೆ ಇಂಜಿನಿಯರ್ ಬಂದು ‘ಇದು ಇನ್ನು ನಿಲ್ಲುವುದಿಲ್ಲ, ತೆಗೆದುಬಿಡಿ’ ಎನ್ನುತ್ತಾರೆ. ಕಟ್ಟಡ ಹಳತಾಯಿತೆಂದು ಬಿತ್ತು ಎಂದು ನಾವು ಅಂದುಕೊಳ್ಳುತ್ತೇವೆ. ಅದನ್ನು ಬೀಳಿಸಿದ್ದು ಬೋರ್ಡು.

ಇದನ್ನು ತಡೆಯುವ ಕಾನೂನು ಇಲ್ಲವೇ ಎಂದರೆ, ಕಾನೂನಿನ ಕಣ್ಣು ಬೇರೆ ಕಡೆ ಇದೆ. ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ವಲಯ, ಅದರಾಚೆ 200 ಮೀಟರು ನಿಯಂತ್ರಿತ ವಲಯ. ಆದರೆ ಅದು ಪಟ್ಟಿಯಲ್ಲಿರುವ ಸ್ಮಾರಕಕ್ಕೆ ಮಾತ್ರ. ಪಟ್ಟಿಯ ಹೊರಗಿನ ಬೀದಿಗೆ, ಅಂಗಡಿ ಸಾಲಿಗೆ, ಗುತ್ತಿನ ಮನೆಗೆ ಅದು ತಾಗುವುದಿಲ್ಲ. ಪುರಸಭೆಯಲ್ಲಿ ಲೈಸೆನ್ಸಿಗೆ ನಕ್ಷೆ ಕೊಟ್ಟರೆ ಸೆಟ್‌ಬ್ಯಾಕ್ ಎಷ್ಟು, ಮಹಡಿ ಎಷ್ಟು, ಪಾರ್ಕಿಂಗ್ ಎಲ್ಲಿ ಎಂದು ನೋಡುತ್ತಾರೆ. ಎದುರಿಗೆ ಬಸದಿ ಇದೆಯೋ ಬಸ್‌ಸ್ಟ್ಯಾಂಡ್ ಇದೆಯೋ ಎಂಬ ಪ್ರಶ್ನೆಗೆ ಅರ್ಜಿಯಲ್ಲಿ ಜಾಗವೇ ಇಲ್ಲ. ಬಯಲು ಸ್ಥಳಗಳ ವಿರೂಪ ತಡೆಯುವ ಕಾಯ್ದೆ 1981ರಿಂದ ಇದೆ, ಪ್ಲಾಸ್ಟಿಕ್ ಫ್ಲೆಕ್ಸಿಗೆ 2016ರಲ್ಲಿ ನಿಷೇಧವೂ ಬಂತು. ಎರಡೂ ಇದ್ದೂ ಇಲ್ಲದಂತಿವೆ.

ನಾನು ಹೇಳುವುದು ದೊಡ್ಡ ಸಂಗತಿಯೇನಲ್ಲ. ಹಳೆ ಪೇಟೆಯಲ್ಲಿ ಹೊಸ ಬೋರ್ಡು ಏರುವ ಮೊದಲು, ಹೊಸ ಕಟ್ಟಡ ಏಳುವ ಮೊದಲು, ಊರಿನದೇ ಒಂದು ಸಣ್ಣ ಸಮಿತಿ ಅದರ ಹೊರಮೈಯನ್ನು ಒಮ್ಮೆ ನೋಡಲಿ. ಅದು ನೋಡಬೇಕಾದದ್ದು ಅಳತೆಯನ್ನು, ಅಭಿರುಚಿಯನ್ನಲ್ಲ. ಚೆಂದ ಯಾವುದು ಎಂದು ಏಳು ಜನ ಕೂತು ಚರ್ಚಿಸಿದರೆ ಏಳು ಜಗಳ ಹುಟ್ಟುತ್ತದೆ. ಎರಡು ಅಡಿ ಎಂದರೆ ಎರಡು ಅಡಿ, ಅದರಲ್ಲಿ ಜಗಳವಿಲ್ಲ. ಸಾವಿರ ಕಂಬದ ಬಸದಿಯ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲ ಎನ್ನುವುದು ವಾಡಿಕೆ. ಕೆತ್ತನೆಯಲ್ಲಿ ಶಿಲ್ಪಿಗಳಿಗೆ ಅಷ್ಟು ಸ್ವಾತಂತ್ರ್ಯ ಇತ್ತು. ಆದರೆ ಒಂದೇ ಸಾಲಿನ ಕಂಬಗಳ ಎತ್ತರದಲ್ಲಿ ಯಾರೂ ಸ್ವಾತಂತ್ರ್ಯ ತೆಗೆದುಕೊಂಡಿಲ್ಲ. ತೆಗೆದುಕೊಂಡಿದ್ದರೆ ಮಾಡು ನಿಲ್ಲುತ್ತಿರಲಿಲ್ಲ.

ಇದು ಹೊಸ ಯೋಚನೆಯೂ ಅಲ್ಲ. ಅಮೆರಿಕದ ಚಾರ್ಲ್ಸ್‌ಟನ್ ಪಟ್ಟಣ 1931ರಲ್ಲೇ ಇಂಥ ಮಂಡಳಿ ಮಾಡಿಕೊಂಡಿತು. ಬೀದಿಯಿಂದ ಕಾಣುವ ಹೊರಮೈ ಮಾತ್ರ ಅದರ ವ್ಯಾಪ್ತಿ. ದೆಹಲಿಗೆ ನಗರ ಕಲಾ ಆಯೋಗದ ಕಾಯ್ದೆ ಬಂದದ್ದು 1973ರಲ್ಲಿ. ಬೆಂಗಳೂರಿಗೂ ಅಂಥದೊಂದು ಆಯೋಗ ಇತ್ತು, ಅದನ್ನು ಮುಚ್ಚಿಯೂ ಆಯಿತು. ರಾಜಧಾನಿಯಲ್ಲಿ ಕೂತ ಆಯೋಗ ದೊಡ್ಡ ಕಟ್ಟಡಗಳನ್ನು ನೋಡಿದರೂ ಊರಿನ ಓಣಿಯನ್ನು ನೋಡಲಾರದು. ಓಣಿಯನ್ನು ನೋಡಲು ಓಣಿಯವರೇ ಬೇಕು.

ಈಗ ಸಾವಿರ ಕಂಬದ ಬಸದಿಯ ಮಾಡನ್ನು ನೋಡಿ. ಸುತ್ತ ಇಳಿಜಾರಾಗಿ ಹೊದಿಸಿದ ಕಲ್ಲಿನ ಚಪ್ಪಡಿ, ಮೇಲಂತಸ್ತಿನಲ್ಲಿ ಮರ, ತಾಮ್ರದ ಹೊದಿಕೆ. 19ನೇ ಶತಮಾನದ ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್‌ಗೆ ಇದನ್ನು ಕಂಡಾಗ ನೇಪಾಳದ ಗುಡಿಗಳು ನೆನಪಾದವು. ನಮಗೆ ನೇಪಾಳದವರೆಗೆ ಹೋಗುವ ಅಗತ್ಯವಿಲ್ಲ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಕಡೆ ಕಲ್ಲೂ ಇಳಿಜಾರಾಗಲೇಬೇಕು. ಬಡವರ ಮನೆಗೆ ಮುಳಿಹುಲ್ಲಿನ ಮಾಡು, ಅದಕ್ಕೂ ಅದೇ ಇಳಿಜಾರು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಇಂದು ನಾವು ಪರಂಪರೆ ಎನ್ನುವ ಕೆಂಪು ಹಂಚು ಅಂದು ಪರದೇಶಿ ಪಾದ್ರಿಗಳ ಹೊಸ ಸರಕು. ಅದು ಬಂತು, ಹುಲ್ಲಿನ ಜಾಗದಲ್ಲಿ ಕೂತಿತು, ಇಳಿಜಾರನ್ನು ಮಾತ್ರ ಬದಲಿಸಲಿಲ್ಲ. ಆದ್ದರಿಂದಲೇ ಅದು ನಮ್ಮದಾಯಿತು.

ಟೆರೇಸು ಬಂದಾಗ ನಾವು ಮಳೆಯನ್ನು ಕೇಳಲಿಲ್ಲ. ನಾಲ್ಕೈದು ಮಳೆಗಾಲದಲ್ಲಿ ಸೋರತೊಡಗಿತು. ಈಗ ಜಿಲ್ಲೆಯ ಯಾವ ಊರಿಗೆ ಹೋದರೂ ಚಪ್ಪಟೆ ಟೆರೇಸಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟಿನ ಮಾಡು ಹಾಕಿದ ಮನೆಗಳೇ. ಒಂದು ಮನೆಗೆ ಎರಡು ಮಾಡು, ಎರಡು ಖರ್ಚು. ಕಟ್ಟಡಗಳ ವಿನ್ಯಾಸ ಪರಿಶೀಲಿಸುವವರು ಇಲ್ಲಿಲ್ಲ ಎನ್ನುವುದು ಹಾಗಾಗಿ ಪೂರ್ತಿ ಸರಿಯಲ್ಲ. ಜೂನ್ ತಿಂಗಳಿನಲ್ಲಿ ಒಬ್ಬರು ಬರುತ್ತಾರೆ, ಸೆಪ್ಟೆಂಬರ್ ತನಕ ಇದ್ದು ತಪ್ಪು ತೋರಿಸಿ ಹೋಗುತ್ತಾರೆ. ಸಮಿತಿ ಮಾಡಬೇಕಾದದ್ದು ಅದೇ ಮಾತನ್ನು ಕಟ್ಟುವ ಮೊದಲೇ ಹೇಳುವುದು. ಕಾಂಕ್ರೀಟ್ ಬರಲಿ, ಬೇಡ ಎನ್ನಲಾಗದು. ಬೀದಿಯ ಕಡೆಯ ಮಾಡು ಇಳಿಜಾರಾಗಿರಲಿ, ಸೂರು ಅಕ್ಕಪಕ್ಕದ ಸಾಲಿಗೆ ಹೊಂದಲಿ.

ವೇಣೂರಿನ ಪ್ರಶ್ನೆ ಬೇರೆ. ಅಲ್ಲಿನ 35 ಅಡಿಯ ಬಾಹುಬಲಿಯನ್ನು ಅಜಿಲರ ತಿಮ್ಮರಸ 1604ರಲ್ಲಿ ನಿಲ್ಲಿಸಿದ. ಶ್ರವಣಬೆಳಗೊಳದ ಗೊಮ್ಮಟ ಬೆಟ್ಟದ ಮೇಲಿದ್ದಾನೆ, ಕಾರ್ಕಳದವನು ಬಂಡೆಗುಡ್ಡದ ಮೇಲೆ, ಧರ್ಮಸ್ಥಳದವನು ರತ್ನಗಿರಿಯ ಮೇಲೆ. ಅವರ ತಲೆಯ ಹಿಂದಿನ ಆಕಾಶಕ್ಕೆ ಯಾರೂ ಅಡ್ಡ ಬರಲಾರರು. ವೇಣೂರಿನವನು ಮಾತ್ರ ಫಲ್ಗುಣಿಯ ದಂಡೆಯಲ್ಲಿ ಸಮತಟ್ಟು ನೆಲದ ಮೇಲೆ ನಿಂತಿದ್ದಾನೆ. ಹತ್ತಿರದಲ್ಲಿ ನಾಲ್ಕು ಮಹಡಿಯ ಒಂದು ಲಾಡ್ಜ್ ಎದ್ದರೆ ಸಾಕು, ಆ ಎತ್ತರ ಕುಗ್ಗಿಹೋಗುತ್ತದೆ. ಅಲ್ಲಿ ಬೇಕಾದ ನಿಯಮ ಒಂದೇ: ಮೂರ್ತಿಯ ಎದುರು ನಿಂತವರ ಕಣ್ಣಿಗೆ ಪ್ರಾಕಾರದ ಗೋಡೆಯ ಮೇಲೆ ಇನ್ನೊಂದು ಕಟ್ಟಡ ಕಾಣಬಾರದು. ಗ್ರಾಮ ಪಂಚಾಯಿತಿಯ ಹಂತದಲ್ಲೇ ಇದನ್ನು ನಕ್ಷೆಯಲ್ಲಿ ಗುರುತಿಸಿಡಬೇಕು. 2024ರಲ್ಲಿ ಮಹಾಮಸ್ತಕಾಭಿಷೇಕ ಮುಗಿದಿದೆ, ಮುಂದಿನದಕ್ಕೆ ಸಮಯವಿದೆ. ಜಾಗಕ್ಕೆ ರೇಟು ಏರಿದ ಮೇಲೆ ಗೆರೆ ಎಳೆಯುವುದು ಕಷ್ಟ.

ಬಂಟ್ವಾಳದಲ್ಲಿ ಟಿಕೆಟು ಕೊಟ್ಟು ನೋಡುವ ಸ್ಮಾರಕವೆಂದು ಬೋರ್ಡು ಹಾಕುವಂಥದ್ದು ಹೆಚ್ಚಿಲ್ಲ. ಪೇಟೆಯೇ ಅಲ್ಲಿನ ಸ್ಮಾರಕ. ನೇತ್ರಾವತಿಯಲ್ಲಿ ಸರಕು ದೋಣಿ ಓಡುತ್ತಿದ್ದ ಕಾಲದಲ್ಲಿ ಬೆಳೆದ, 1923 ಮತ್ತು 1974ರ ನೆರೆಗಳನ್ನು ತಿಂದು ಮತ್ತೆ ಎದ್ದು ನಿಂತ ಅಂಗಡಿ ಸಾಲು ಅದು. ವ್ಯಾಪಾರ ಬಿ.ಸಿ. ರೋಡಿಗೆ ಜಾರಿದ್ದರಿಂದ ಅದರ ಒಂದಷ್ಟು ಭಾಗ ಇನ್ನೂ ಉಳಿದಿದೆ. ಇಂಥ ಪೇಟೆಗೆ ಮೊದಲ ಏಟು ರಸ್ತೆ ಅಗಲೀಕರಣದ್ದು. ಮಾರ್ಕ್ ಹಾಕಿದ ಗೆರೆಗೆ ಮೊದಲು ಹೋಗುವುದು ಜಗಲಿ. ಉಳಿದ ಅರ್ಧಕ್ಕೆ ಮಾಲಿಕರು ರೋಲಿಂಗ್ ಶಟರ್ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ಅವರನ್ನು ದೂರಿ ಫಲವಿಲ್ಲ. ಪರಿಹಾರದ ಚೆಕ್ಕಿನ ಜೊತೆಗೆ ‘ಉಳಿದ ಭಾಗಕ್ಕೆ ಹೀಗೆ ಮುಂಭಾಗ ಕಟ್ಟಿಕೊಳ್ಳಬಹುದು, ಇಷ್ಟು ಖರ್ಚು ಬರುತ್ತದೆ’ ಎಂಬ ಒಂದು ನಕ್ಷೆಯನ್ನೂ ಕೊಟ್ಟಿದ್ದರೆ ನೂರರಲ್ಲಿ ಕೆಲವರಾದರೂ ಹಾಗೆ ಕಟ್ಟುತ್ತಿದ್ದರು.

ಹಳತನ್ನು ಉಳಿಸುವ ಆಸೆ ಈ ಸೀಮೆಯ ಜನರಿಗೆ ಇಲ್ಲವೆನ್ನಲಾಗದು. ಬಂಟ್ವಾಳದಲ್ಲೇ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ತುಳು ಬದುಕು ವಸ್ತುಸಂಗ್ರಹಾಲಯ ಇದೆ. ಧರ್ಮಸ್ಥಳದಲ್ಲಿ ಮಂಜೂಷಾ ವಸ್ತುಸಂಗ್ರಹಾಲಯ ಇದೆ. ಅಲ್ಲಿನ ಧರ್ಮೋತ್ಥಾನ ಟ್ರಸ್ಟ್ 200ಕ್ಕೂ ಹೆಚ್ಚು ಪುರಾತನ ಗುಡಿಗಳನ್ನು ಜೀರ್ಣೋದ್ಧಾರ ಮಾಡಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಆದರೂ ನಾವು ಮನೆಯ ಸೇರು, ಪಾವು, ಕಳಸಿಗೆಗಳನ್ನು ಮ್ಯೂಸಿಯಂಗೆ ಕೊಡುತ್ತೇವೆ, ಮನೆಯನ್ನು ಜೆಸಿಬಿಗೆ ಕೊಡುತ್ತೇವೆ. ಇಷ್ಟೆಲ್ಲ ಅನುಭವ, ಕೈಕೆಲಸ ಗೊತ್ತಿರುವ ಆಚಾರಿಗಳು ಹತ್ತಿರದಲ್ಲೇ ಇರುವಾಗ ಬೀದಿ ಮಾತ್ರ ಅನಾಥವಾಗಿದೆ.

ವಿರೋಧದ ಮಾತುಗಳನ್ನೂ ಕೇಳಬೇಕು. ‘ಬೋರ್ಡು ಸಣ್ಣದಾದರೆ ಗಿರಾಕಿ ಬರುವುದು ಹೇಗೆ ಮಾರಾಯ್ರೆ?’ ಎನ್ನುತ್ತಾರೆ ಅಂಗಡಿಯವರು. ಒಬ್ಬರದು ಮಾತ್ರ ಸಣ್ಣದಾದರೆ ನಷ್ಟ ಹೌದು. ಎಲ್ಲರದೂ ಎರಡು ಅಡಿಯಾದರೆ ಯಾರಿಗೂ ನಷ್ಟವಿಲ್ಲ, ಪಕ್ಕದವರಿಗಿಂತ ಒಂದು ಅಡಿ ಹೆಚ್ಚು ಮಾಡಿಸುವ ಖರ್ಚೂ ಉಳಿಯುತ್ತದೆ. ಹಂಚಿನ ಮನೆಯವರ ದೂರು ಇದಕ್ಕಿಂತ ಗಟ್ಟಿ: ಮಂಗ ಹಾರಿದರೆ ಹಂಚು ಒಡೆಯುತ್ತದೆ, ಏರಿ ಸರಿಮಾಡುವ ಜನ ಸಿಗುವುದಿಲ್ಲ, ಕಾರ್ಖಾನೆಗಳು ಒಂದೊಂದಾಗಿ ಮುಚ್ಚುತ್ತಿವೆ. ಇದಕ್ಕೆ ಉಪದೇಶ ಉತ್ತರವಲ್ಲ. ಹಳೆ ಮುಂಭಾಗ ಉಳಿಸಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ ಸಿಗಲಿ. ಕೆಡವಿದ ಮನೆಗಳ ಒಳ್ಳೆಯ ಹಂಚು, ಪಕ್ಕಾಸುಗಳನ್ನು ಪುರಸಭೆಯೇ ಕೂಡಿಟ್ಟು ಬೇಕಾದವರಿಗೆ ಕಡಿಮೆ ಬೆಲೆಗೆ ಕೊಡಲಿ.

ಹಂಪಿಯ ಹೆದರಿಕೆಯೂ ಇದೆ. 2011ರಲ್ಲಿ ವಿರೂಪಾಕ್ಷ ಬಜಾರಿನಿಂದ ಜನರನ್ನು ಎಬ್ಬಿಸಿದ್ದನ್ನು ಕಂಡವರು ‘ಪಾರಂಪರಿಕ’ ಎಂಬ ಮಾತು ಕೇಳಿದರೆ ಬೆಚ್ಚುವುದು ಸಹಜ. ಹಾಗಾಗಿ ನಿಯಮದ ಮೊದಲ ಸಾಲಿನಲ್ಲೇ ಬರೆದಿಡಬೇಕು: ಇದು ಹೊಸ ಕೆಲಸಕ್ಕೆ ಮಾತ್ರ, ಇರುವವರನ್ನು ಎಬ್ಬಿಸಲು ಅಲ್ಲ. ಇನ್ನು ‘ಮತ್ತೊಂದು ಮೇಜು, ಮತ್ತೊಂದು ಕವರು’ ಎಂಬ ಗೊಣಗು. ಒಂದು ಡೋರ್ ನಂಬ್ರಕ್ಕೆ ಎಷ್ಟು ಸಲ ಅಲೆಯಬೇಕು ಎಂದು ಗೊತ್ತಿರುವವರು ಅದನ್ನು ತಳ್ಳಿಹಾಕಲಾರರು. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದೇ ಲೆಕ್ಕ ಎಂದಾಗಲಿ. ಬೇಡ ಎಂದರೆ ಏಕೆ ಬೇಡ ಎಂಬುದನ್ನು ಪುರಸಭೆಯ ಗೋಡೆಗೆ ಅಂಟಿಸಲಿ. ಸಮಿತಿಯಲ್ಲಿ ಇಂಜಿನಿಯರ್, ಜೈನ ಮಠದ ಒಬ್ಬರು, ವರ್ತಕರ ಒಬ್ಬರು ಇರಲಿ. ಅವರ ಜೊತೆ ಮರದ ಕೆಲಸದ ಆಚಾರಿಯೊಬ್ಬರು, ಅದೇ ಬೀದಿಯಲ್ಲಿ ಮನೆ ಮಾಡಿರುವ ಹೆಂಗಸೊಬ್ಬರು ಕೂರಲಿ.

ನಿಯಮಗಳು ಒಂದು ಹಾಳೆಯಲ್ಲಿ ಹಿಡಿಸಬೇಕು. ಬೋರ್ಡು ಎರಡು ಅಡಿಗಿಂತ ಎತ್ತರವಿಲ್ಲ, ಸೂರಿನಿಂದ ಕೆಳಗೆ, ಕಿಟಕಿ ಮುಚ್ಚುವಂತಿಲ್ಲ, ಅಂಗಡಿಗೆ ಒಂದೇ. ಮಿನುಗುವ ದೀಪ ಬೇಡ. ಬಸದಿ, ಗುಡಿ, ಅರಮನೆಯ ಎದುರು ಫ್ಲೆಕ್ಸ್ ಬೇಡ. ಉತ್ಸವಕ್ಕೆ ಬಟ್ಟೆಯ ಬ್ಯಾನರ್ ಇರಲಿ, ಇಳಿಸುವ ತಾರೀಕನ್ನು ಅದರ ಮೇಲೆಯೇ ಬರೆದಿರಲಿ. ಬೋರ್ಡಿನಿಂದ ಶುರು ಮಾಡಲು ಕಾರಣ ಇಷ್ಟೇ: ಕಟ್ಟಡ ತಪ್ಪಾದರೆ ಐವತ್ತು ವರ್ಷ ನಿಲ್ಲುತ್ತದೆ, ಬೋರ್ಡು ಐದಾರು ವರ್ಷಕ್ಕೆ ಹೇಗೂ ಬದಲಾಗುತ್ತದೆ. ಯಾರ ಗೋಡೆಯನ್ನೂ ಒಡೆಯದೆ ಒಂದು ಬೀದಿ ಸರಿಹೋಗಲು ಅಷ್ಟು ಸಮಯ ಸಾಕು.

2030ರ ಆರುನೂರನೇ ವರ್ಷದ ಸಂಭ್ರಮಕ್ಕೆ ಮಂತ್ರಿಗಳು ಬರುತ್ತಾರೆ, ಸ್ವಾಗತ ಕೋರುವ ಫ್ಲೆಕ್ಸುಗಳು ರಾಷ್ಟ್ರೀಯ ಹೆದ್ದಾರಿಯಿಂದ ಬಸದಿಯ ಬಾಗಿಲಿನವರೆಗೆ ಸಾಲುಗಟ್ಟುತ್ತವೆ. ಅದಕ್ಕೆ ಮೊದಲು ಒಂದು ನಿರ್ಣಯ ಆಗಬೇಕು, ಅದು ಪುರಸಭೆಯ ಮಾಸಿಕ ಸಭೆಯಲ್ಲೇ ಆಗಬಹುದು. ಎರಡು ಅಡಿಯ ಮಿತಿಗೆ ಕೈ ಎತ್ತಬೇಕಾದವರು ಯಾರೆಂದು ಗೊತ್ತಲ್ಲ? ಇಂದು ಹತ್ತು ಅಡಿಯ ಫ್ಲೆಕ್ಸಿನಲ್ಲಿ ನಮಗೆ ಕೈಮುಗಿಯುತ್ತಿರುವವರೇ. ಆದ್ದರಿಂದ ವರ್ತಕರಿಗೆ ನೋಟಿಸು ಕೊಡುವ ಮೊದಲು ಅವರವರ ಮುಖವನ್ನು ಅವರೇ ಇಳಿಸಿಕೊಳ್ಳಲಿ. ಅಷ್ಟಾದರೆ ಉಳಿದ ಬೋರ್ಡು ಇಳಿಸಲು ಪೊಲೀಸರೂ ಬೇಡ, ದಂಡವೂ ಬೇಡ.