ಎಲ್ಲಿ ಕಂಡೆ, ಏನನ್ನು ನೋಡಿ ಹಾಗೆಂದೆ?



ಗಾಣಗಾಪುರದ ಸಮೀಪದ ಹಳ್ಳಿಯಿಂದ ತಾಯಿಯೊಬ್ಬರು ಪತ್ರ ಬರೆದಿದ್ದಾರೆ. ಒಂದು ವರ್ಷದಿಂದ ಅವರ ಮಗಳಿಗೆ ನಿದ್ರೆಯಿಲ್ಲ, ಯಾರೊಡನೆಯೂ ಮಾತಿಲ್ಲ. ನೆರೆಹೊರೆಯವರ ಮಾತಿನಂತೆ ಆಕೆಯನ್ನು ದತ್ತಸನ್ನಿಧಿಯ ಮಧ್ಯಾಹ್ನದ ಮಹಾಮಂಗಳಾರತಿಗೆ ಕರೆದೊಯ್ದರು. ಗುಣ ಕಾಣದಿರಲು ಆಸ್ಪತ್ರೆಗೂ ಕರೆದೊಯ್ದರು. ಅಲ್ಲಿ ಮಸಿ ಚೆಲ್ಲಿದಂತಹ ಚಿತ್ರಗಳನ್ನು ಕೈಗಿತ್ತು ಏನು ಕಾಣುತ್ತದೆಂದು ಕೇಳಿದರಂತೆ. ಒಂದರಲ್ಲಿ ಹೆಡೆಯೆತ್ತಿದ ನಾಗ ಕಂಡಿತೆಂದು ಮಗಳು ಮನೆಗೆ ಬಂದು ಹೇಳಿದಳು. "ಶಾಸ್ತ್ರಿಗಳೇ, ಇದೂ ಒಂದು ಶಕುನ ನೋಡುವ ಬಗೆಯೇ? ನಾಗ ಕಂಡದ್ದು ಹುಚ್ಚಿನ ಗುರುತೇ?" ಎಂಬುದು ತಾಯಿಯ ಪ್ರಶ್ನೆ.

ತಾಯೀ, ಎರಡೂ ಅಲ್ಲ. ಸ್ವಿಟ್ಜರ್ಲೆಂಡಿನ ಮನೋವೈದ್ಯ ಹರ್ಮನ್ ರೋರ್ಶಾಕ್ ಇಂತಹ 10 ಮಸಿಚಿತ್ರಗಳನ್ನು 1921ರಲ್ಲಿ ಪ್ರಕಟಿಸಿದನು. ಮರುವರ್ಷವೇ, 37ರ ವಯಸ್ಸಿನಲ್ಲಿ, ತೀರಿಕೊಂಡನು. ಖಚಿತ ರೂಪವಿಲ್ಲದುದನ್ನು ನೋಡುವಾಗ ಮನುಷ್ಯನು ತನ್ನ ಮನಸ್ಸಿನ ರೀತಿಯನ್ನೇ ಅದರ ಮೇಲೆ ಆರೋಪಿಸುತ್ತಾನೆಂಬ ತಿಳಿವಿನಿಂದ ಇವಕ್ಕೆ ಪ್ರಕ್ಷೇಪಣ ಪರೀಕ್ಷೆಗಳೆಂಬ ಹೆಸರು ಬಂದಿದೆ. ಚಿತ್ರ ನೋಡಿ ಕಥೆ ಹೇಳಿಸುವುದು, ಅರ್ಧ ವಾಕ್ಯವನ್ನು ಪೂರ್ಣಗೊಳಿಸಲು ಹೇಳುವುದು ಮೊದಲಾದವೂ ಇದೇ ಬಳಗಕ್ಕೆ ಸೇರಿದವು.

ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಮರುವರ್ಷವೇ ಚಿಕಿತ್ಸಾ ಮನೋವಿಜ್ಞಾನದ ಶಿಕ್ಷಣವನ್ನು ಆರಂಭಿಸಿತು. 1974ರಲ್ಲಿ ಅದು ಅಲ್ಲಿನ ಮಾನಸಿಕ ಆಸ್ಪತ್ರೆಯೊಡಗೂಡಿ ನಿಮ್ಹಾನ್ಸ್ ಆಯಿತು. ಈ ವಿದ್ಯೆಯನ್ನು ಕಲಿತ ನಮ್ಮ ಬಂಧುಗಳ ಮಗಳೊಬ್ಬಳು ತನ್ನ ಆರಂಭದ ದಿನಗಳ ತಪ್ಪೊಂದನ್ನು ನನಗೆ ಹೇಳಿದಳು. ರೋಗಿಯು "ಏನೋ ಕರಿದು, ರೆಕ್ಕೆಯಂತೆ" ಎಂದಾಗ ಈಕೆ "ಬಾವಲಿ" ಎಂದು ಬರೆದುಕೊಂಡಳಂತೆ. ಕಲಿಸುವವರು ಕಾಗದವನ್ನು ಹಿಂದಿರುಗಿಸಿ, "ಬಾವಲಿ ಕಂಡದ್ದು ರೋಗಿಗೋ ನಿನಗೋ?" ಎಂದರು. ಹೇಳಿದ ಮಾತನ್ನು ಒಂದಕ್ಷರ ಕೂಡಿಸದೆ, ಬಿಡದೆ ಬರೆಯಬೇಕು. ಚಿತ್ರಗಳೆಲ್ಲ ಮುಗಿದ ಮೇಲೆ ಎರಡನೆಯ ಸುತ್ತಿನಲ್ಲಿ, ಅದು ಎಲ್ಲಿ ಕಂಡಿತು, ಆಕಾರದಿಂದಲೋ ಬಣ್ಣದಿಂದಲೋ ಹಾಗೆ ತೋರಿತೋ ಎಂಬುದನ್ನು, ಉತ್ತರವನ್ನು ಬಾಯಿಗೆ ತುರುಕದೆ ಕೇಳಿ ತಿಳಿಯಬೇಕು. ಅಂಕ ಹಾಕಿ ಅರ್ಥ ಮಾಡುವುದು ಆಮೇಲಿನ ಮಾತು.

ಇದನ್ನು ಕೇಳಿ ನನಗೆ ಮಠದ ಪಾಠಶಾಲೆ ನೆನಪಾಯಿತು. ಬೆಡಗಿನ ವಚನಕ್ಕೆ ನಾವು ಹುಡುಗರು ಉತ್ಸಾಹದಿಂದ ಅರ್ಥ ಹೇಳುತ್ತಿದ್ದೆವು. ಗುರುಗಳು ತಾಳ್ಮೆಯಿಂದ ಕೇಳಿ, "ಇದು ಯಾವ ಪದದಲ್ಲಿದೆ ತೋರಿಸು" ಎನ್ನುತ್ತಿದ್ದರು. ತೋರಿಸಲಾಗದಿದ್ದರೆ ಅದು ವಚನದ ಅರ್ಥವಲ್ಲ, ನಮ್ಮ ಅರ್ಥ. ಹತ್ತರಲ್ಲಿ ಎಂಟು ಸಲ ನಾನು ತೋರಿಸಲಾಗದೆ ನಿಂತದ್ದುಂಟು.

ಈಗ ನಾಗನ ಮಾತು. ಭೀಮಾತೀರದ ಹೆಣ್ಣುಮಕ್ಕಳು ಪ್ರತಿ ಪಂಚಮಿಗೆ ಹಾಲೆರೆಯುವ ದೇವರು ಅದು. ಜ್ಯೂರಿಕ್ ಪಟ್ಟಣದವನಿಗೆ ಹಾವು ಕಾಣುವುದೂ ಈಕೆಗೆ ಕಾಣುವುದೂ ಒಂದೇ ಆಗದು. ಕಥೆ ಹೇಳಿಸುವ ಚಿತ್ರಗಳನ್ನು ಅಮೆರಿಕದಲ್ಲಿ ಮಾರ್ಗನ್ ಮತ್ತು ಮರ್ರೆ 1935ರಲ್ಲಿ ಬಳಕೆಗೆ ತಂದಿದ್ದರು. ಉಮಾ ಚೌಧರಿಯವರು 1960ರಲ್ಲಿ ಅವುಗಳ ಭಾರತೀಯ ರೂಪವನ್ನು ಪ್ರಕಟಿಸಿದ್ದು ಇಂತಹ ಅಂತರಕ್ಕಾಗಿಯೇ. ಸ್ಥಳದ ಆಚಾರವರಿಯದ ಪರೀಕ್ಷಕನು ಭಕ್ತಿಯನ್ನೇ ಭ್ರಾಂತಿಯೆಂದು ಬರೆದುಬಿಡುವ ಅಪಾಯವಿದೆ. ಗಾಣಗಾಪುರದಲ್ಲಿ ಆರತಿಯ ಹೊತ್ತಿಗೆ ಕಂಬವೇರಿ ಕೂಗುವವರನ್ನು ನಾನೂ ಕಂಡಿದ್ದೇನೆ. ಅವರನ್ನು ನಗುವುದೂ ತಪ್ಪು, ಅಲ್ಲಿಗೇ ಬಿಟ್ಟು ಔಷಧ ನಿಲ್ಲಿಸುವುದೂ ತಪ್ಪು.

ಈ ಪರೀಕ್ಷೆಗಳ ನಂಬಿಕೆಯರ್ಹತೆಯ ಬಗೆಗೆ ವಿದ್ವಾಂಸರಲ್ಲಿ ಬಹುಕಾಲದ ವಾದವಿದೆ. ಆರೋಗ್ಯವಂತರನ್ನೂ ರೋಗಿಗಳೆಂದು ತೋರಿಸಿಬಿಡುತ್ತವೆಂಬ ಆಕ್ಷೇಪವೂ ಇದೆ. ಅದಕ್ಕೇ ಬಲ್ಲವರು ಮಸಿಚಿತ್ರವೊಂದರಿಂದಲೇ ರೋಗವನ್ನು ನಿರ್ಣಯಿಸುವುದಿಲ್ಲ. ಮನೆಯವರ ಮಾತು, ನಿದ್ರೆ, ಊಟ, ದೇಹಪರೀಕ್ಷೆ, ಎಲ್ಲವನ್ನೂ ಕೂಡಿಸಿ ನೋಡುತ್ತಾರೆ.

ತಾಯೀ, ಪರೀಕ್ಷಿಸಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೇ ಎಂದು ಕೇಳಿರಿ; ವರದಿಯನ್ನು ಕನ್ನಡದಲ್ಲಿ ವಿವರಿಸಿ ಹೇಳೆನ್ನಿರಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಅದನ್ನು ಗುಟ್ಟಾಗಿಡುವ ಹಕ್ಕು ನಿಮ್ಮ ಮಗಳದು; ಮದುವೆಯ ಮಾತು ತರುವವರ ಮುಂದೆ ಅದನ್ನು ಹರಡಬೇಡಿರಿ. ಮನಸ್ಸು ತೀರ ಕಳವಳಗೊಂಡ ರಾತ್ರಿ 14416ಕ್ಕೆ ದೂರವಾಣಿ ಮಾಡಿದರೆ ಖರ್ಚಿಲ್ಲದೆ ಸಲಹೆ ದೊರೆಯುತ್ತದೆ. ನಾಗ ಏಕೆ ಕಂಡಿತೆಂದು ಆಕೆಯನ್ನು ಮನೆಯಲ್ಲಿ ಮತ್ತೆ ಕೇಳಬೇಡಿರಿ. ನಿದ್ರೆ ಬಂದಿತೇ ಎಂದು ಕೇಳಿರಿ.