ಬಯಾಪ್ಸಿ ಸೂಜಿ ಚುಚ್ಚಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಹರಡುತ್ತದೆಯೇ? ಸ್ಕ್ಯಾನ್ ನೋಡಿಕೊಂಡು ಮಾಡುವ ಬಯಾಪ್ಸಿ ಹೇಗಿರುತ್ತದೆ?

ಗಡ್ಡೆಗೆ ಸೂಜಿ ಹಾಕಿಸಬೇಡಿ, ಹಾಕಿಸಿದರೆ ಕ್ಯಾನ್ಸರ್ ಕೆರಳಿ ಮೈಯೆಲ್ಲ ಹರಡುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಮನೆಮಾತಿನಲ್ಲೂ ಆಗಾಗ ಕೇಳಿಬರುತ್ತದೆ. ಅಪ್ಪನಿಗೋ ಮಾವನಿಗೋ "ಪಿಎಸ್‌ಎ ಜಾಸ್ತಿ ಇದೆ, ಬಯಾಪ್ಸಿ ಮಾಡಿಸಿ" ಎಂದು ವೈದ್ಯರು ಹೇಳಿದ ಹೊತ್ತಿನಲ್ಲೇ ಇಂಥ ಸಂದೇಶ ಬಂದರೆ, ಪರೀಕ್ಷೆ ಮುಂದಕ್ಕೆ ಹೋಗುತ್ತದೆ. ಒಳಗೆ ವೇಗವಾಗಿ ಬೆಳೆಯುವ ಕ್ಯಾನ್ಸರ್ ಇದ್ದರೆ, ಹೀಗೆ ಕಳೆದುಹೋಗುವ ತಿಂಗಳುಗಳು ದುಬಾರಿಯಾಗುತ್ತವೆ. ಹಾಗಾದರೆ ಈ ಮಾತಿನಲ್ಲಿ ನಿಜವೆಷ್ಟು?

ಪಿಎಸ್‌ಎ ಹೆಚ್ಚಿದ್ದರೆ ಕ್ಯಾನ್ಸರ್ ಎಂದೇ ಅರ್ಥವೇ?

ಅಲ್ಲ. ಪ್ರಾಸ್ಟೇಟ್ ಎಂಬುದು ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದಿರುವ ಸಣ್ಣ ನಿಂಬೆಹಣ್ಣಿನಷ್ಟು ಗಾತ್ರದ ಗ್ರಂಥಿ. ಅದು ತಯಾರಿಸುವ ಒಂದು ಪ್ರೋಟೀನ್ ಪಿಎಸ್‌ಎ. ರಕ್ತದಲ್ಲಿ ಇದರ ಪ್ರಮಾಣ ಮಿಲಿಲೀಟರಿಗೆ 4 ನ್ಯಾನೋಗ್ರಾಂ ದಾಟಿದರೆ ಮುಂದಿನ ತಪಾಸಣೆಗೆ ಹೇಳುವುದು ಬಹುಕಾಲದ ರೂಢಿ. ಆದರೆ ವಯಸ್ಸಾದಂತೆ ಗ್ರಂಥಿ ದೊಡ್ಡದಾದರೂ, ಮೂತ್ರದ ಸೋಂಕಾದರೂ ಪಿಎಸ್‌ಎ ಏರುತ್ತದೆ. ಹಾಗಾಗಿ ಈ ರಕ್ತಪರೀಕ್ಷೆ ಅನುಮಾನ ಹುಟ್ಟಿಸಬಲ್ಲದು, ತೀರ್ಪು ಕೊಡಲಾರದು. ಕ್ಯಾನ್ಸರ್ ಹೌದೋ ಅಲ್ಲವೋ, ಹೌದಾದರೆ ಎಂಥದ್ದು ಎಂದು ತಿಳಿಯಲು ಗ್ರಂಥಿಯ ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದೇ ಬಯಾಪ್ಸಿ.

ಮೊದಲು ಹೇಗೆ ಮಾಡುತ್ತಿದ್ದರು?

ಮಂಡಿಯಲ್ಲಿ ಅಕ್ಕಿ ಮೂಟೆಗೆ ಚೂಪಾದ ಕೊಳವೆ ಚುಚ್ಚಿ ಒಂದಿಷ್ಟು ಕಾಳು ತೆಗೆದು ನೋಡುವುದನ್ನು ನೀವು ಕಂಡಿರಬಹುದು. ಮೂಟೆಯ ನಾಲ್ಕು ಕಡೆ ಚುಚ್ಚಿ ನೋಡಿದಾಗ ಹುಳು ಸಿಗಲಿಲ್ಲ ಎಂದರೆ ಇಡೀ ಮೂಟೆಯಲ್ಲಿ ಹುಳು ಇಲ್ಲ ಎಂದೇನಲ್ಲ. ಹಳೆಯ ಬಯಾಪ್ಸಿಯ ತೊಂದರೆಯೂ ಇದೇ.

1980ರ ದಶಕದ ಕೊನೆಯಲ್ಲಿ ಗುದದ್ವಾರದ ಮೂಲಕ ಅಲ್ಟ್ರಾಸೌಂಡ್ ಸಾಧನ ಇಟ್ಟು, ಪರದೆಯ ಮೇಲೆ ಗ್ರಂಥಿಯನ್ನು ನೋಡುತ್ತಾ, ನಿಗದಿತ ಆರು ಜಾಗಗಳಿಂದ ಚೂರು ತೆಗೆಯುವ ಕ್ರಮ ಬಂತು. ಮುಂದೆ ಈ ಸಂಖ್ಯೆ 10–12ಕ್ಕೆ ಏರಿತು. ಅಲ್ಟ್ರಾಸೌಂಡಿನಲ್ಲಿ ಗ್ರಂಥಿಯ ಆಕಾರ ಚೆನ್ನಾಗಿ ಕಾಣುತ್ತದೆ, ಆದರೆ ಒಳಗಿನ ಕ್ಯಾನ್ಸರ್ ಎಷ್ಟೋ ಸಲ ಕಾಣುವುದೇ ಇಲ್ಲ. ಅಂದರೆ ಸೂಜಿ ಗ್ರಂಥಿಗೆ ತಾಗುವುದು ಖಚಿತವಾದರೂ ಗಡ್ಡೆಗೆ ತಾಗುವುದು ಅದೃಷ್ಟವನ್ನು ಅವಲಂಬಿಸಿತ್ತು. ಅಪಾಯಕಾರಿ ಗಡ್ಡೆ ತಪ್ಪಿಸಿಕೊಳ್ಳುತ್ತಿತ್ತು, ತೊಂದರೆ ಕೊಡದ ಸಣ್ಣ ಕ್ಯಾನ್ಸರ್ ಸಿಕ್ಕಿ ಅನಗತ್ಯ ಚಿಕಿತ್ಸೆಗೆ ದಾರಿಯಾಗುತ್ತಿತ್ತು.

ಎಂಆರ್‌ಐ ತಂದ ಬದಲಾವಣೆ ಏನು?

ಈಗ ಅನೇಕ ಕಡೆ ಮೊದಲು ಎಂಆರ್‌ಐ, ಆಮೇಲೆ ಸೂಜಿ. ಎಂಆರ್‌ಐ ನೋಡಿದ ತಜ್ಞರು ಅನುಮಾನದ ಜಾಗಕ್ಕೆ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇದಕ್ಕೆ ಪೈ-ರಾಡ್ಸ್ ಎಂದು ಹೆಸರು. 1 ಅಥವಾ 2 ಬಂದರೆ ಗಂಭೀರ ಕ್ಯಾನ್ಸರ್ ಇರುವ ಸಾಧ್ಯತೆ ಕಡಿಮೆ, 4 ಅಥವಾ 5 ಬಂದರೆ ಹೆಚ್ಚು. 3 ಎಂದರೆ ಎರಡೂ ಕಡೆ ವಾಲಬಹುದು.

2017ರಲ್ಲಿ ಪ್ರಕಟವಾದ ಬ್ರಿಟನ್ನಿನ ಪ್ರಾಮಿಸ್ ಅಧ್ಯಯನದಲ್ಲಿ 576 ಗಂಡಸರನ್ನು ಪರೀಕ್ಷಿಸಲಾಯಿತು. ಗಂಭೀರ ಕ್ಯಾನ್ಸರ್‌ಗಳಲ್ಲಿ ಎಂಆರ್‌ಐ ಶೇ. 93ರಷ್ಟನ್ನು ಗುರುತಿಸಿದರೆ, ಹಳೆಯ ಅಲ್ಟ್ರಾಸೌಂಡ್ ಬಯಾಪ್ಸಿ ಶೇ. 48ರಷ್ಟನ್ನು ಮಾತ್ರ ಹಿಡಿಯಿತು. ಮರುವರ್ಷ, 500 ಗಂಡಸರ ಪ್ರಿಸಿಷನ್ ಅಧ್ಯಯನ ಎರಡೂ ದಾರಿಗಳನ್ನು ಹೋಲಿಸಿತು. ಎಂಆರ್‌ಐ ದಾರಿಯಲ್ಲಿ ಶೇ. 38 ಮಂದಿಯಲ್ಲಿ ಗಂಭೀರ ಕ್ಯಾನ್ಸರ್ ಪತ್ತೆಯಾಯಿತು, ಹಳೆಯ ದಾರಿಯಲ್ಲಿ ಶೇ. 26. ಅಷ್ಟೇನೂ ಅಪಾಯವಿಲ್ಲದ ಕ್ಯಾನ್ಸರ್ ಸಿಕ್ಕಿದ್ದು ಶೇ. 9 ಮಂದಿಯಲ್ಲಿ, ಹಳೆಯ ದಾರಿಯಲ್ಲಿ ಶೇ. 22. ಎಂಆರ್‌ಐ ಗುಂಪಿನ ಶೇ. 28 ಮಂದಿಗೆ ಬಯಾಪ್ಸಿಯೇ ಬೇಕಾಗಲಿಲ್ಲ.

ಆದರೂ ಎಂಆರ್‌ಐ ಬಯಾಪ್ಸಿಗೆ ಬದಲಿಯಲ್ಲ. ಅದು ಕೆಲವು ಕ್ಯಾನ್ಸರ್‌ಗಳನ್ನು ತಪ್ಪಿಸುತ್ತದೆ, ಬರೀ ಉರಿಯೂತವನ್ನು ಗಡ್ಡೆಯಂತೆ ತೋರಿಸುವುದೂ ಇದೆ.

ಗುರಿ ಇಟ್ಟು ಸೂಜಿ ಹಾಕುವುದು ಹೇಗೆ?

ಮುಖ್ಯವಾಗಿ ಮೂರು ವಿಧಾನಗಳಿವೆ. ಒಂದು, ವೈದ್ಯರು ಎಂಆರ್‌ಐ ಚಿತ್ರವನ್ನು ಮೊದಲೇ ನೋಡಿ ನೆನಪಿಟ್ಟುಕೊಂಡು, ಅಲ್ಟ್ರಾಸೌಂಡ್ ನೋಡುತ್ತಾ ಆ ಜಾಗಕ್ಕೆ ಸೂಜಿ ಹಾಕುವುದು. ಇದಕ್ಕೆ ಹೊಸ ಯಂತ್ರ ಬೇಡ, ಪಳಗಿದ ಕೈ ಬೇಕು. ಎರಡು, ಫ್ಯೂಷನ್ ಬಯಾಪ್ಸಿ. ಎಂಆರ್‌ಐನಲ್ಲಿ ಗುರುತು ಮಾಡಿದ ಜಾಗವನ್ನು ಸಾಫ್ಟ್‌ವೇರ್ ನೇರ ಅಲ್ಟ್ರಾಸೌಂಡ್ ಚಿತ್ರದ ಮೇಲೆ ಕೂರಿಸುತ್ತದೆ. ಮೊಬೈಲ್ ಮ್ಯಾಪಿನಲ್ಲಿ ಪಿನ್ ಹಾಕಿದ ಜಾಗಕ್ಕೆ ಹೋದ ಹಾಗೆ ಸೂಜಿ ಅಲ್ಲಿಗೆ ಹೋಗುತ್ತದೆ. ಮೂರು, ಎಂಆರ್‌ಐ ಯಂತ್ರದೊಳಗೇ ಮಲಗಿಸಿ ಚೂರು ತೆಗೆಯುವುದು. ಇದಕ್ಕೆ ಸಮಯವೂ ಖರ್ಚೂ ಹೆಚ್ಚು. ಗುರಿಯಿಟ್ಟ ಚೂರುಗಳ ಜೊತೆಗೆ ಸುತ್ತಲಿನ ಕೆಲವು ಚೂರುಗಳನ್ನೂ ತೆಗೆಯುವುದು ಸಾಮಾನ್ಯ.

ಸೋಂಕಿನ ಭಯ ನಿಜವೇ?

ಇದು ಸುಳ್ಳು ಭಯವಲ್ಲ. ಗುದನಾಳದ ಮೂಲಕ ಸೂಜಿ ಹೋದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಗ್ರಂಥಿಗೂ ರಕ್ತಕ್ಕೂ ಸೇರಬಹುದು. ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಿದಂತೆ ಈ ಚಿಂತೆಯೂ ಹೆಚ್ಚಿದೆ. ಹಾಗಾಗಿ ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮವನ್ನು ಶುಚಿಗೊಳಿಸಿ ಅಲ್ಲಿಂದ ಸೂಜಿ ಹಾಕುವ ವಿಧಾನಕ್ಕೆ ಯುರೋಪಿನ ಮೂತ್ರರೋಗ ತಜ್ಞರ ಸಂಘ ಆದ್ಯತೆ ಕೊಟ್ಟಿದೆ. ಸರಿಯಾದ ಆ್ಯಂಟಿಬಯಾಟಿಕ್ ಆರಿಸಿದರೆ ಹಳೆಯ ದಾರಿಯಲ್ಲೂ ಸೋಂಕು ಸಾಕಷ್ಟು ಕಡಿಮೆಯಾಗುತ್ತದೆ.

ಬಯಾಪ್ಸಿ ಆದ ಮೇಲೆ ಕೆಲವು ದಿನ ಮೂತ್ರದಲ್ಲಿ, ಕೆಲವು ವಾರ ವೀರ್ಯದಲ್ಲಿ ರಕ್ತ ಕಾಣಿಸುವುದು ಸಾಮಾನ್ಯ. ಆದರೆ ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ, ರಕ್ತ ಹೆಪ್ಪುಗಟ್ಟಿ ಹೋಗುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಹಾಗಾದರೆ ಸೂಜಿಯಿಂದ ಕ್ಯಾನ್ಸರ್ ಹರಡುತ್ತದೆಯೇ?

ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶಗಳು ಬೆಳೆದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ, ಆದರೆ ಪ್ರಾಸ್ಟೇಟ್ ವಿಷಯದಲ್ಲಿ ಅವು ಅತಿ ವಿರಳ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನವನ್ನೇ ನೋಡಿ. ಅದರಲ್ಲಿದ್ದ 1,643 ಗಂಡಸರಿಗೂ ಬಯಾಪ್ಸಿಯಿಂದಲೇ, ಗ್ರಂಥಿಯೊಳಗೇ ಇದ್ದ ಕ್ಯಾನ್ಸರ್ ಪತ್ತೆಯಾಗಿತ್ತು. ಸುಮಾರು 15 ವರ್ಷಗಳ ನಂತರ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡವರು ಶೇ. 3ಕ್ಕಿಂತ ಕಡಿಮೆ. ಸೂಜಿ ತಾಗಿದ ಮಾತ್ರಕ್ಕೆ ಕ್ಯಾನ್ಸರ್ ಮೈತುಂಬ ಹರಡುವುದಾಗಿದ್ದರೆ ಈ ಸಂಖ್ಯೆ ಇಷ್ಟು ಚಿಕ್ಕದಾಗಿರಲು ಸಾಧ್ಯವಿರಲಿಲ್ಲ.

ಈ ನಂಬಿಕೆ ಹುಟ್ಟಲು ಕಾರಣವಿದೆ. ಕ್ಯಾನ್ಸರ್ ಇದೆ ಎಂದು ಮನೆಯವರಿಗೆ ತಿಳಿಯುವುದೇ ಬಯಾಪ್ಸಿಯ ನಂತರ. ಹೀಗಾಗಿ "ಸೂಜಿ ಹಾಕಿದ ಮೇಲೆಯೇ ಬಂತು" ಎನಿಸುತ್ತದೆ. ವೃಷಣದ ಕ್ಯಾನ್ಸರಿನಂಥ ಕೆಲವು ಕಡೆ ವೈದ್ಯರೇ ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ ಎಂಬುದೂ ನಿಜ. ಅಲ್ಲಿನ ನಿಯಮವನ್ನು ಪ್ರಾಸ್ಟೇಟ್‌ಗೆ ಅಂಟಿಸುವುದು ತಪ್ಪು.

ಕ್ಯಾನ್ಸರ್ ಎಂದು ಬಂದರೆ ಆಪರೇಷನ್ ಆಗಲೇಬೇಕೇ?

ಇಲ್ಲ. ಬಯಾಪ್ಸಿ ವರದಿಯಲ್ಲಿ ಗ್ಲೀಸನ್ ಅಂಕ ಇರುತ್ತದೆ. 6 ಎಂದರೆ ನಿಧಾನವಾಗಿ ಬೆಳೆಯುವ ಬಗೆ, 8ರಿಂದ 10 ಎಂದರೆ ಆಕ್ರಮಣಕಾರಿ. ಕಡಿಮೆ ಅಪಾಯದವರಲ್ಲಿ ಅನೇಕರಿಗೆ ಪಿಎಸ್‌ಎ, ಎಂಆರ್‌ಐ, ಬೇಕಾದಾಗ ಮತ್ತೊಂದು ಬಯಾಪ್ಸಿಯ ಮೂಲಕ ನಿಗಾ ಇಟ್ಟರೆ ಸಾಕು. ಅಂದರೆ ಬಯಾಪ್ಸಿಯೇ ಎಷ್ಟೋ ಮಂದಿಯನ್ನು ಅನಗತ್ಯ ಆಪರೇಷನ್‌ನಿಂದ ಉಳಿಸುತ್ತದೆ.

ವೈದ್ಯರ ಬಳಿ ಏನು ಕೇಳಬೇಕು?

• ಪಿಎಸ್‌ಎ ಇನ್ನೊಮ್ಮೆ ನೋಡಬೇಕೇ? ಸೋಂಕು ಇದೆಯೇ?
• ಬಯಾಪ್ಸಿಗೆ ಮುಂಚೆ ಎಂಆರ್‌ಐ ಮಾಡಿಸಬಹುದೇ? ಅಂಕ ಎಷ್ಟು ಬಂದಿದೆ?
• ಸೂಜಿ ಯಾವ ದಾರಿಯಲ್ಲಿ ಹಾಕುತ್ತೀರಿ?
• ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ನಿಲ್ಲಿಸಬೇಕೇ? (ವೈದ್ಯರು ಹೇಳದೆ ನೀವೇ ನಿಲ್ಲಿಸಬೇಡಿ.)

ಒಟ್ಟಿನಲ್ಲಿ, ಪ್ರಾಸ್ಟೇಟ್ ಬಯಾಪ್ಸಿಯಿಂದ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಯಾಪ್ಸಿಗೆ ತನ್ನದೇ ಆದ ಸಣ್ಣ ಅಪಾಯಗಳಿವೆ, ಅವನ್ನು ವೈದ್ಯರೊಂದಿಗೆ ಕೂತು ಮಾತಾಡಿ. ಸೂಜಿಗೆ ಹೆದರಿಸುವ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಅದನ್ನು ಓದುವವರಲ್ಲಿ ಯಾರೋ ಒಬ್ಬರು ನಾಳೆ ಬಯಾಪ್ಸಿಗೆ ಹೋಗಬೇಕಾದವರಿರಬಹುದು.